ಕಡಲಿಗೊಂದು ವಾಕ್ಯ

ವಿಯೆನ್ನಾ
೨೦ ಸೆಪ್ಟೆಂಬರ್ ೧೯೮೮

ಪ್ರೀತಿಯ ಅಕ್ಕ,

ಬಂದು ಇಷ್ಟು ದಿನವಾದರೂ ಒಂದು ಕಾಗದ ಹಾಕಲಿಲ್ಲವೆಂದು ನೀನು ಬೈದುಕೊಳ್ಳುತ್ತಿರುತ್ತೀಯ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಬೀದಿಗೆ ಇರುವ ಒಂದೇ ಫೋನು ಬಾರಿನಲ್ಲಿದೆ. ನಾನಿಲ್ಲಿ ಸೀನಿದರೆ ಮಾರ್ಸಶ್ಲೊಕ್ ಬಂದರಿನ ಅಷ್ಟೂ ಗಂಡಸರು ಅಲ್ಲಿ ಕೇಳಿಸಿಕೊಳ್ಳುತ್ತಾರೆ. ಕಾಗದವೇ ವಾಸಿ.

ನಾನಿಲ್ಲಿ ಮಾಡುವುದೇನೆಂದು ಬಿಡಿಸಿ ಬರೆ ಎಂದಿದ್ದೆಯಲ್ಲ, ಕೇಳು. ಅಮೆರಿಕ, ಕೆನಡಾಗಳನ್ನೂ ಸೇರಿಸಿಕೊಂಡು ಮೂವತ್ತೈದು ದೇಶದವರು ಒಂದು ಹಳೆಯ ಅರಮನೆಯಲ್ಲಿ ದುಂಡಗೆ ಕೂತು ಒಪ್ಪಂದವೊಂದನ್ನು ಬರೆಯುತ್ತಿದ್ದೇವೆ. ಯಾವ ದೇಶ ತನ್ನ ಸೈನ್ಯವನ್ನು ದೊಡ್ಡ ಕವಾಯತಿಗೆ ಹೊರಡಿಸಿದರೂ ಮುಂಚೆಯೇ ಉಳಿದವರಿಗೆಲ್ಲ ತಿಳಿಸಬೇಕು. ಬಂದು ನೋಡುತ್ತೇವೆಂದರೆ ಒಳಗೆ ಬಿಡಬೇಕು. ಒಬ್ಬನ ಕವಾಯತನ್ನು ಇನ್ನೊಬ್ಬ ಯುದ್ಧವೆಂದು ತಿಳಿದು ಕ್ಷಿಪಣಿಗೆ ಕೈ ಹಾಕಬಾರದಲ್ಲ, ಅದಕ್ಕೆ. ಮೂವತ್ತನಾಲ್ಕು ದೇಶ ಒಪ್ಪಿ ಕೂತಿವೆ. ಉಳಿದಿರುವುದು ಮಾಲ್ಟಾ, ಅಂದರೆ ನಾನು. ನಮ್ಮ ನಿಯೋಗದ ಮುಖ್ಯಸ್ಥನೂ ನಾನೇ, ಟೈಪು ಮಾಡುವವನೂ ನಾನೇ.

ಕರಡಿನಲ್ಲಿ ಬೆಟ್ಟ, ಬಯಲು, ರೈಲುದಾರಿ ಎಲ್ಲ ಇವೆ, ಕಡಲು ಮಾತ್ರ ಇಲ್ಲ. ಯುದ್ಧನೌಕೆಗಳ ಕವಾಯತನ್ನು ಯಾರೂ ಯಾರಿಗೂ ತಿಳಿಸಬೇಕಾಗಿಲ್ಲ. ಭೂಪಟದಲ್ಲಿ ನಮ್ಮನ್ನು ಹುಡುಕಲು ಕನ್ನಡಕ ಬೇಕು, ನಮ್ಮ ಸುತ್ತ ಇರುವುದೆಲ್ಲ ಕಡಲೇ. ಅದಕ್ಕಾಗಿ ಕಡಲಿನ ಮೇಲೆ ಒಂದು ವಾಕ್ಯವಾದರೂ ಸೇರಲಿ ಎಂದು ನಾನು ಅಡ್ಡ ಕೂತಿದ್ದೇನೆ. ಹೊರಡುವ ದಿನ ವಲೆಟ್ಟಾದ ವಿದೇಶಾಂಗ ಕಚೇರಿಯಲ್ಲಿ ಹಿರಿಯರು, "ಎಲ್ಲೀವರೆಗೆ ಹಿಡೀಬೇಕು, ಎಲ್ಲಿ ಬಿಡಬೇಕು ಅಂತ ನೀನೇ ನೋಡ್ಕೊಳಪ್ಪ" ಅಂದರು. ಹಿಡಿ ಎಂದಿದ್ದರೆ ಹಿಡಿಯುತ್ತಿದ್ದೆ, ಬಿಡು ಎಂದಿದ್ದರೆ ಬಿಡುತ್ತಿದ್ದೆ. ನೀನೇ ನೋಡಿಕೋ ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ.

ಇಲ್ಲಿ ಮತ ಹಾಕುವ ಪದ್ಧತಿ ಇಲ್ಲ. ಒಬ್ಬರು ಬೇಡವೆಂದರೂ ಕೆಲಸ ನಿಂತಿತು. ಒಪ್ಪಿದವರು ಬಾಯಿ ತೆರೆಯಬೇಕಾಗಿಲ್ಲ. ಅಧ್ಯಕ್ಷರು "ಯಾರದಾದರೂ ಆಕ್ಷೇಪವಿದೆಯೇ?" ಎಂದು ಕೇಳಿ, ಒಂದು ಸುತ್ತು ಎಲ್ಲರ ಮುಖ ನೋಡಿ, ಯಾರೂ ಉಸಿರೆತ್ತದಿದ್ದರೆ ಮರದ ಸುತ್ತಿಗೆ ಕುಟ್ಟುತ್ತಾರೆ. ಅಲ್ಲಿಗೆ ಮುಗಿಯಿತು. ನಮ್ಮ ಅಧ್ಯಕ್ಷೆ ಫಿನ್ಲೆಂಡಿನವರು, ಹೆಸರು ಹಿಲ್ಕಾ ಸಾಲ್ಮೆಲಾ. ಇಂಥ ಹೆಂಗಸನ್ನು ನಾನು ನೋಡಿಲ್ಲ. ಯಾವ ದೇಶಕ್ಕೆ ಯಾವ ಪದ ಚುಚ್ಚುತ್ತದೆ ಎಂಬುದು ಅವರಿಗೆ ಬಾಯಿಪಾಠ. ಜಗಳ ಕಾವೇರುತ್ತಿದ್ದಂತೆ ಕಾಫಿಗೆ ಬಿಡುವು ಕೊಡುತ್ತಾರೆ. ವಾಪಸು ಬರುವ ಹೊತ್ತಿಗೆ ಇಬ್ಬರೂ ಒಂದೇ ತಟ್ಟೆಯಿಂದ ಬಿಸ್ಕತ್ತು ತಿಂದಿರುತ್ತಾರೆ.

ಭಾವನಿಗೆ ನಮಸ್ಕಾರ ತಿಳಿಸು. ಲಂಪೂಕಿ ಮೀನು ಈ ಸಲ ಹೇಗಿದೆ?

ನಿನ್ನ ತಮ್ಮ,
ವಿಸ್ತಿನ್


ಮಾರ್ಸಶ್ಲೊಕ್
೨ ಅಕ್ಟೋಬರ್ ೧೯೮೮

ಪ್ರೀತಿಯ ವಿಸ್ತಿನ್,

ಲಂಪೂಕಿ ಹೇಗಿದೆ ಎಂದು ಕೇಳಿದ್ದೀಯ. ಮೀನು ಚೆನ್ನಾಗಿದೆ, ಮೀನು ಹಿಡಿಯುವವರು ಚೆನ್ನಾಗಿಲ್ಲ.

ನಿನಗೆ ಗೊತ್ತಲ್ಲ, ತಾಳೆಗರಿ ಹೆಣೆದು ತೆಪ್ಪ ಮಾಡಿ ಕಲ್ಲು ಕಟ್ಟಿ ಕಡಲಲ್ಲಿ ಸಾಲಾಗಿ ತೇಲಬಿಡುತ್ತಾರೆ. ನೆರಳಿಗೆ ಮೀನು ಬಂದು ಸೇರುತ್ತದೆ. ಬೇಸಗೆಯೆಲ್ಲ ನಿನ್ನ ಚೆನ್ಸು ಭಾವ ಅಂಗಳದಲ್ಲಿ ಕೂತು ಹೆಣೆದ ಸಾಲು ಅದು. ನನ್ನ ಶಾಲೆಯ ಮಕ್ಕಳು ಹೋಗಿ ಬಂದು ಗರಿ ಎಳೆದುಕೊಟ್ಟಿದ್ದರು. ಹೋದ ತಿಂಗಳು ಯಾವುದೋ ಯುದ್ಧನೌಕೆಗಳು ಆಟವಾಡಲು ಬಂದವು. ಯಾವ ದೇಶದವೋ ಗೊತ್ತಿಲ್ಲ, ಬಾವುಟ ಕಾಣುವಷ್ಟು ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಮಾರನೆಯ ದಿನ ಚೆನ್ಸು ಹೋಗಿ ನೋಡಿದರೆ ಸಾಲಿಗೆ ಸಾಲೇ ಕತ್ತರಿಸಿಹೋಗಿದೆ. ಮನೆಗೆ ಬಂದು ಬೂಟು ಕಳಚಿ, "ಇಲ್ಲ" ಅಂದರು ಅಷ್ಟೆ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹೆಣೆದದ್ದು ಹೋದರೆ ಹೋಗಲಿ. ಆ ಹೊತ್ತಿಗೆ ದೋಣಿಯೇ ಅಲ್ಲಿದ್ದಿದ್ದರೆ? ಆ ಹಡಗುಗಳು ರಾತ್ರಿ ದೀಪವಿಲ್ಲದೆ ಓಡಾಡುತ್ತವಂತೆ. ಎಷ್ಟು ದೂರದಲ್ಲಿ ತೆಪ್ಪ ಬಿಡುತ್ತೀರಿ ಎಂದು ಕೇಳಿದರೆ ಇವರು ಹೇಳುವ ಪೈಕಿ ಅಲ್ಲ. ಯಾರಿಗೆ ಯಾವ ದಿಕ್ಕು ಎಂದು ಎಲ್ಲರೆದುರು ಚೀಟಿ ಎತ್ತುತ್ತಾರೆ, ಎಷ್ಟು ದೂರ ಎಂಬುದನ್ನು ಮಾತ್ರ ಅಣ್ಣ ತಮ್ಮನಿಗೂ ಹೇಳುವುದಿಲ್ಲ, ಗಂಡ ಹೆಂಡತಿಗೂ ಹೇಳುವುದಿಲ್ಲ. ಗಟ್ಟಿಸಿ ಕೇಳಿದರೆ "ಅಲ್ಲೇ, ಸ್ವಲ್ಪ ಮುಂದೆ" ಅನ್ನುತ್ತಾರೆ. ಮದುವೆಯಾದಾಗಿನಿಂದ ಅದೇ ಉತ್ತರ.

ನಿನ್ನ ಕಾಗದವನ್ನು ಬಾರಿನಲ್ಲಿ ಓದಿ ಹೇಳಿದೆ. ಮುದುಕ ನಾರ್ದು, "ಮೂವತ್ನಾಲ್ಕು ಜನದ ಎದುರು ನಮ್ಮ ಹುಡುಗ ಒಬ್ಬನೇ ಕೂತಿದಾನಾ? ಚಿಕ್ಕವನಿದ್ದಾಗ ನಾಯಿ ಕಂಡ್ರೆ ಅಕ್ಕನ ಲಂಗ ಹಿಡ್ಕೊಳ್ತಿದ್ದ" ಅಂದ. ಎಲ್ಲರೂ ನಕ್ಕರು. ಆಮೇಲೆ ಅವನೇ ಎದ್ದು ಬಂದು, "ಬಿಡಬೇಡ ಅಂತ ಬರಿ, ಟೀಚರಮ್ಮ" ಅಂದ. ನಾನೂ ಅದನ್ನೇ ಹೇಳುವುದು.

ನಿನ್ನ ಅಕ್ಕ,
ಸಾಲ್ವಿನಾ


ವಿಯೆನ್ನಾ
೧೪ ಅಕ್ಟೋಬರ್ ೧೯೮೮

ಪ್ರೀತಿಯ ಅಕ್ಕ,

ಭಾವನ ತೆಪ್ಪದ ವಿಷಯ ಓದಿ ಸುಮ್ಮನಿರಲಾಗಲಿಲ್ಲ. ಮಾರನೆಯ ದಿನ ಸಭೆಯಲ್ಲಿ ತಾಳೆಗರಿಯ ಕಥೆ ಹೇಳಿದೆ. ಅನುವಾದ ಮಾಡುವವರಿಗೆ ಅದನ್ನು ಆರು ಭಾಷೆಗೆ ತಿರುಗಿಸುವಷ್ಟರಲ್ಲಿ ಬೆವರು ಬಂತು. ರಷ್ಯನ್ ಭಾಷೆಯಲ್ಲಿ ಅದು "ಮೀನುಗಳ ಕೊಡೆ" ಆಯಿತಂತೆ. ಒಂದೆರಡು ದಿನ ಮೊಗಸಾಲೆಯಲ್ಲಿ ಸಿಕ್ಕವರೆಲ್ಲ "ಕೊಡೆ ಹೇಗಿದೆ?" ಎಂದು ಕೇಳಿದರು. ಆದರೆ ಅಮೆರಿಕದವರೂ ಸೋವಿಯತ್ತಿನವರೂ ನಕ್ಕು ಸುಮ್ಮನಾದರು. ಬೇರೆ ಯಾವುದರಲ್ಲೂ ಒಂದಾಗದ ಈ ಇಬ್ಬರು, ಕಡಲು ಬೇಡ ಎನ್ನುವುದರಲ್ಲಿ ಮಾತ್ರ ಒಡಹುಟ್ಟಿದವರಂತೆ ಇದ್ದಾರೆ. ಇಬ್ಬರಿಗೂ ಹಡಗುಗಳಿವೆ.

ಮೊದಲು ನನ್ನನ್ನು ಊಟಕ್ಕೆ ಕರೆಯುತ್ತಿದ್ದವರು ಈಗ ಕಂಡರೂ ಕಾಣದವರಂತೆ ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರ ಹೆಂಡತಿಗೆ ಹೆರಿಗೆ ಹತ್ತಿರ, ಇನ್ನೊಬ್ಬರು ತಾಯಿಯ ಅಂತ್ಯಕ್ರಿಯೆಗೆ ಹೋಗಿ ಎರಡೇ ದಿನಕ್ಕೆ ವಾಪಸು ಬಂದರು. ಒಪ್ಪಂದ ಮುರಿದರೆ ಅಷ್ಟು ವರ್ಷದ ಕೆಲಸ ನೀರುಪಾಲು. ಮೊನ್ನೆ ಒಬ್ಬರು ನನ್ನ ಭುಜ ಹಿಡಿದು, "ನಿಮ್ಮ ಮೀನಿಗಾಗಿ ಯುರೋಪೇ ಕಾಯ್ಬೇಕಾ?" ಎಂದು ಕೇಳಿದರು.

ಈಗ ಮಾತಾಡಿಸುವವರು ಇಬ್ಬರೇ. ಒಬ್ಬರು ಹಿಲ್ಕಾ. ಇನ್ನೊಬ್ಬ ಬಲ್ಗೇರಿಯಾದ ಸ್ತೊಯ್ಮೆನ್, ಎದುರು ಸಾಲಿನಲ್ಲಿ ಕೂರುವವನು. ಅವರ ದೇಶದಲ್ಲಿ ತಲೆ ಅಡ್ಡಡ್ಡ ಆಡಿಸಿದರೆ "ಹೌದು" ಎಂದರ್ಥ. ವಿಯೆನ್ನಾಕ್ಕೆ ಬಂದ ಹೊಸತರಲ್ಲಿ ಹೋಟೆಲಿನವನು "ಸೂಪ್ ಬೇಕಾ?" ಎಂದರೆ ಇವನು ತಲೆ ಆಡಿಸುವುದು, ಅವನು ಹೊರಟುಹೋಗುವುದು. "ಒಂದು ವಾರ ಬರೀ ಬ್ರೆಡ್ಡು ತಿಂದೆ ಮಾರಾಯ" ಎನ್ನುತ್ತಾನೆ. ಈಗ ಸಭೆಯಲ್ಲಿ ಎರಡೂ ಕೈಯಿಂದ ಗಲ್ಲ ಒತ್ತಿ ಹಿಡಿದು ಕೂರುತ್ತಾನೆ, ತಲೆ ತಾನಾಗಿ ಆಡದಿರಲಿ ಎಂದು. ಹೊಸಬರು ಅವನಿಗೆ ಹಲ್ಲುನೋವು ಎಂದುಕೊಳ್ಳುತ್ತಾರೆ.

ಚಳಿ ಶುರುವಾಗಿದೆ. ನೀನು ಕಳಿಸಿದ ಉಣ್ಣೆಯ ಅಂಗಿ ತೊಡುತ್ತಿದ್ದೇನೆ.

ವಿಸ್ತಿನ್


ವಿಯೆನ್ನಾ
೨೯ ಅಕ್ಟೋಬರ್ ೧೯೮೮

ಅಕ್ಕ,

ಮುಗಿಯಿತು. ನಿನ್ನೆ ಕರಡಿಗೆ ಎಲ್ಲರ ಒಪ್ಪಿಗೆಯಾಯಿತು. ರೇಡಿಯೋದಲ್ಲಿ ಕೇಳಿರುತ್ತೀಯ. ತುಂಬಾ ದಣಿದಿದ್ದೇನೆ, ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ವಿಸ್ತಿನ್


ಮಾರ್ಸಶ್ಲೊಕ್
೫ ನವೆಂಬರ್ ೧೯೮೮

ನನ್ನ ಮುದ್ದಿನ ತಮ್ಮ,

ಮೂರು ಸಾಲಿನ ಕಾಗದ ಬರೆಯುವಷ್ಟು ದೊಡ್ಡ ಮನುಷ್ಯನಾಗಿಬಿಟ್ಟೆಯಾ? ಇರಲಿ, ಇವತ್ತು ಎಲ್ಲ ಮಾಫಿ. "ಕೊನೆಗೂ ಮಾಲ್ಟಾ ಒಪ್ಪಿತು" ಎಂದು ರೇಡಿಯೋದಲ್ಲಿ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಕೈ ಒರೆಸಿಕೊಳ್ಳದೆ ಬೀದಿಗೆ ಓಡಿದೆ. ನೀನು ಒಪ್ಪಿದೆ ಎಂದರೆ ಕಡಲಿನ ವಾಕ್ಯ ಸೇರಿತು ಎಂದೇ ತಾನೆ ಅರ್ಥ? ಇಲ್ಲದಿದ್ದರೆ ನನ್ನ ತಮ್ಮ ಒಪ್ಪುವವನಲ್ಲ ಎಂದು ಬಂದರಿನಲ್ಲೆಲ್ಲ ಹೇಳಿಕೊಂಡು ಬಂದೆ.

ಆ ಸಂಜೆ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾರ್ದು ತನ್ನ ಬಲೆಗೆ ಬಿದ್ದ ದೊಡ್ಡ ಲಂಪೂಕಿಯನ್ನು ಕಾಗದದಲ್ಲಿ ಸುತ್ತಿ ತಂದ. ಪಾಲಕ್, ಆಲಿವ್ ಹಾಕಿ ಕಡುಬು ಬೇಯಿಸಿದೆ. ಹತ್ತು ಜನ ತಿಂದರೂ ಮಿಕ್ಕಿತು. ಪಾದ್ರಿಗಳೂ ಬಂದು ಒಂದು ಲೋಟ ವೈನ್ ಕುಡಿದು, "ನಮ್ಮ ಸಾಲ್ವಿನಾ ಸಾಕಿದ ಹುಡುಗ" ಅಂದರು. ಅಮ್ಮ ಸತ್ತ ಮೇಲೆ ನಿನ್ನನ್ನು ಹೇಗೆ ಬೆಳೆಸಿದೆ ಎಂದು ನನಗೇ ಗೊತ್ತಿಲ್ಲ ವಿಸ್ತಿನ್, ಆದರೆ ಅವತ್ತು ಮಾತ್ರ ಚೆನ್ನಾಗಿಯೇ ಬೆಳೆಸಿದ್ದೇನೆ ಅನ್ನಿಸಿತು.

ನಿನ್ನ ಭಾವ ಯಾರನ್ನೂ ಹೊಗಳುವವರಲ್ಲ. ಎಲ್ಲರೂ ಹೋದ ಮೇಲೆ ತಟ್ಟೆ ಒರೆಸುತ್ತಾ, "ನಮ್ಮಂಥೋರ ವಿಷ್ಯ ಅಷ್ಟು ದೊಡ್ಡ ಮನೇಲಿ ಹೇಳಿದ್ನಲ್ಲ, ಅವನು ಗಂಡಸು" ಅಂದರು.

ಈಗ ಒಂದು ಕೆಲಸ ಮಾಡು. ಆ ವಾಕ್ಯವನ್ನು ನಮ್ಮ ಭಾಷೆಗೆ ತಿರುಗಿಸಿ, ದುಂಡಗೆ ಬರೆದು ಕಳಿಸು. ಮೀನುಗಾರರ ಸಂಘದ ಗೋಡೆಗೆ ಹಾಕಬೇಕಂತೆ. ಚೌಕಟ್ಟನ್ನು ಆಗಲೇ ಮಾಡಿಸಿಟ್ಟಿದ್ದಾರೆ.

ನಿನ್ನ ಅಕ್ಕ,
ಸಾಲ್ವಿನಾ


ವಿಯೆನ್ನಾ
೧೬ ನವೆಂಬರ್ ೧೯೮೮

ಅಕ್ಕ,

ಈ ಕಾಗದವನ್ನು ಬಾರಿನಲ್ಲಿ ಓದಬೇಡ. ಮೊದಲು ಒಬ್ಬಳೇ ಓದು.

ಕಡಲಿನ ವಾಕ್ಯ ಸೇರಿರಲಿಲ್ಲ. ನಾನು ಒಪ್ಪಿಯೂ ಇರಲಿಲ್ಲ. ಅಂದು ಹಿಲ್ಕಾ ಕರಡನ್ನು ಮುಂದಿಟ್ಟು "ಯಾರದಾದರೂ ಆಕ್ಷೇಪವಿದೆಯೇ?" ಎಂದು ಕೇಳಿ, ಸುತ್ತ ನೋಡುತ್ತಾ ಬಂದು ನನ್ನ ಮೇಲೆ ಕಣ್ಣಿಟ್ಟರು. ಆರನೆಯ ಸಲವೋ ಏಳನೆಯ ಸಲವೋ ಅದೇ ಪ್ರಶ್ನೆ. ನನಗೆ ಎದ್ದು ಮಾತಾಡುವ ತ್ರಾಣ ಇರಲಿಲ್ಲ. ಮನೆಯಲ್ಲಿ ಮಾಡುವಂತೆ ಗದ್ದ ಮೇಲಕ್ಕೆತ್ತಿ ನಾಲಿಗೆಯಿಂದ "ಚ್ಚ್" ಅಂದೆ. ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು, ಹಾಗೆಂದರೆ "ಬೇಡ" ಎಂದು. ಮೈಕು ಮುಚ್ಚಿತ್ತು, ಚ್ಚ್ ಯಾರಿಗೂ ಕೇಳಿಸಲಿಲ್ಲ. ಗದ್ದ ಎತ್ತಿದ್ದಷ್ಟೇ ಕಂಡಿದ್ದು. ಫಿನ್ಲೆಂಡಿನವರ ಕಣ್ಣಿಗೆ ಅದು ತಲೆದೂಗಿದ ಹಾಗೆ. ಅವರ ಮುಖ ಅರಳಿತು, ಸುತ್ತಿಗೆ ಬಿತ್ತು.

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಾರಗಟ್ಟಲೆ ಮುಖ ತಿರುಗಿಸಿದ್ದವರು ಬಂದು ತಬ್ಬಿಕೊಂಡರು. ತಾಯಿಯನ್ನು ಕಳೆದುಕೊಂಡವರು ಅಳುತ್ತಿದ್ದರು. ಅಕ್ಕ, ಆ ಒಂದು ಕ್ಷಣ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಆಮೇಲೆ ಪ್ರತಿ ದಿನವೂ ಇನ್ನಷ್ಟು ಕಷ್ಟವಾಗುತ್ತಾ ಹೋಯಿತು. ಹೇಗೂ ಒಂದಲ್ಲ ಒಂದು ದಿನ ಬಿಡಲೇಬೇಕಿತ್ತು, ತಾನಾಗಿಯೇ ಬಿಟ್ಟುಹೋಯಿತು ಎಂದು ಸಮಾಧಾನ ಮಾಡಿಕೊಂಡೆ.

ಒಬ್ಬನಿಗೆ ಮಾತ್ರ ಗೊತ್ತಿತ್ತು. ಅದೇ ಸಂಜೆ ಸ್ತೊಯ್ಮೆನ್ ಕೋಟು ತೆಗೆದುಕೊಳ್ಳುವ ಕಡೆ ಪಕ್ಕಕ್ಕೆ ಬಂದು, "ನೀನು ಬೇಡ ಅಂದೆ. ನಾನು ನೋಡ್ದೆ" ಅಂದ. "ನಾನು ಯಾರಿಗೂ ಹೇಳಲ್ಲ. ಆದ್ರೆ ನೀನು ಹೇಳ್ತೀಯ ಅಂತ ಕಾಯ್ತೀನಿ" ಎಂದು ಟೋಪಿ ಹಾಕಿಕೊಂಡು ಹೊರಟ. ಅವನ ಕಡೆಯವರಿಗೆ, ಅಂದರೆ ಸೋವಿಯತ್ ಬಣಕ್ಕೆ, ಕರಡು ಪಾಸಾದದ್ದೇ ದೊಡ್ಡ ಗೆಲುವು. ಅವನಿಗೆ ಹೀಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಆಮೇಲೆ ನಿನ್ನ ಕಾಗದ ಬಂತು. ಕಡುಬಿನ ಸುದ್ದಿ ಓದಿದೆ, ಚೌಕಟ್ಟಿನ ಸುದ್ದಿ ಓದಿದೆ. ಭಾವ ತಟ್ಟೆ ಒರೆಸುತ್ತಾ ಹೇಳಿದ ಮಾತು ಓದಿದ ಮೇಲೆ ಕೋಣೆಯಲ್ಲಿ ಕೂರಲಾಗಲಿಲ್ಲ. ಆ ಚೌಕಟ್ಟಿಗೆ ಹಾಕಲು ನನ್ನ ಹತ್ತಿರ ಏನೂ ಇರಲಿಲ್ಲ. ನೇರವಾಗಿ ಹಿಲ್ಕಾ ಅವರ ಕಚೇರಿಗೆ ಹೋಗಿ, ನಿಂತೇ, ಎಲ್ಲ ಹೇಳಿದೆ. ಗದ್ದ ಎತ್ತಿಯೂ ತೋರಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ಎಲ್ರೂ ಚಪ್ಪಾಳೆ ತಟ್ತಿದ್ರು ಮೇಡಂ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಫಿನ್ಲೆಂಡಿನವರ ಮುಖ ನೋಡಿ ಸಿಟ್ಟೋ ಯೋಚನೆಯೋ ಎಂದು ಹೇಳಲು ಬರುವುದಿಲ್ಲ. ಕೊನೆಗೆ, "ನಾಳೆ ಒಂದು ದೇಶ ಇನ್ನೊಂದಕ್ಕೆ ಬರೆಯುತ್ತೆ, ಇಂಥ ದಿನ ಇಷ್ಟು ಟ್ಯಾಂಕು ಹೊರಡುತ್ತೆ, ಹೆದರಬೇಡಿ ಅಂತ. ಅವರು ಅದನ್ನ ನಂಬಬೇಕು. ನಂಬೋದಕ್ಕೆ ಅಂತ ಮಾಡಿದ ಕಾಗದಾನೇ ಸುಳ್ಳು ಒಪ್ಪಿಗೆ ಮೇಲೆ ನಿಂತ್ರೆ ಹೇಗೆ? ನಾಡಿದ್ದು ಸಭೆ ಕರೀತೀನಿ. ನೀವು ಒಂದೇ ಕೆಲಸ ಮಾಡಿ. ಬೇಡ ಅನ್ನೋದನ್ನ ಬಾಯಿಬಿಟ್ಟು ಹೇಳಿ" ಅಂದರು.

ಸಭೆಯಲ್ಲಿ ಅವರು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಾನು ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು ಎತ್ತಲೇ ಇಲ್ಲ. "ಮಾಲ್ಟಾದ ಪ್ರತಿನಿಧಿ ಆಕ್ಷೇಪಿಸಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಬರಲಿಲ್ಲ. ತಪ್ಪು ಅಧ್ಯಕ್ಷರದು. ನಾನು ಕುಟ್ಟಿದ ಸುತ್ತಿಗೆಯನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ" ಎಂದುಬಿಟ್ಟರು. ಹಾಗೆ ಯಾವ ಅಧ್ಯಕ್ಷರೂ ಹೇಳಿದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಸಭೆ ಕುದಿಯಿತು. ಇದು ನಾಟಕ ಎಂದರು ಒಬ್ಬರು. ದೊಡ್ಡ ದೇಶವೊಂದರವರು ಕಡತ ಮುಚ್ಚಿ ಮೇಜಿಗೆ ಬಡಿದರು. ಹಿಲ್ಕಾ ನಿಂತೇ ಇದ್ದರು. ಮೂವತ್ತು ವರ್ಷ ದುಡಿದು ಗಳಿಸಿದ ಹೆಸರನ್ನು ನನ್ನ ಒಂದು ಗದ್ದಕ್ಕಾಗಿ ಮೇಜಿನ ಮೇಲಿಟ್ಟು ನಿಂತಿದ್ದ ಆ ಹೆಂಗಸನ್ನು ನೀನು ನೋಡಬೇಕಿತ್ತು.

ಆಗ ಎದುರು ಸಾಲಿನಲ್ಲಿ ಮೈಕಿನ ದೀಪ ಹತ್ತಿತು. ಸ್ತೊಯ್ಮೆನ್. ಅವನ ಪಕ್ಕದಲ್ಲಿದ್ದ ಅವನದೇ ಕಡೆಯವರು ತೋಳು ಹಿಡಿದು ಎಳೆದರು. ಇವನು ಬಿಡಿಸಿಕೊಂಡು, "ಈ ಮನೇಲಿ ತಲೆ ಆಡಿಸೋದರ ಬಗ್ಗೆ ನನ್ನಷ್ಟು ಕಷ್ಟ ಪಟ್ಟವರು ಯಾರೂ ಇಲ್ಲ. ಅವರು ಬೇಡ ಅಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಅಧ್ಯಕ್ಷರ ಮಾತು ನಿಜ" ಅಂದ. ಆಮೇಲೆ ಸ್ಪೇನಿನವರು ನಗಲು ಶುರು ಮಾಡಿದರು, ಅವರ ಹಿಂದೆ ಇಟಲಿಯವರು, ಕೊನೆಗೆ ಕಡತ ಬಡಿದವರೂ ನಕ್ಕರು. ಹಿಲ್ಕಾ ಮತ್ತೆ ಪ್ರಶ್ನೆ ಕೇಳಿದರು. ನಾನು ಎದ್ದು ನಿಂತು, ಮೈಕು ಹಚ್ಚಿ, "ಆಕ್ಷೇಪವಿದೆ" ಅಂದೆ. ಅದು ಆರು ಭಾಷೆಯಲ್ಲೂ ಕೇಳಿಸಿತು.

ಆಮೇಲಿನ ಎರಡು ದಿನ ಹಿಲ್ಕಾ ಕಾಫಿಯ ಮೇಲೆ ಕಾಫಿ ಕುಡಿಸಿದರು. ಸಿಕ್ಕಿದ್ದು ಇಷ್ಟು: "ಕಡಲಿನಲ್ಲಿ ದುಡಿಯುವವರಿಗೆ ತೊಂದರೆಯಾಗಬಹುದಾದ ನೌಕಾ ಕವಾಯತುಗಳನ್ನು, ಬಯಸುವ ದೇಶಗಳು ಮುಂಚಿತವಾಗಿ ತಿಳಿಸಬಹುದು." ತಿಳಿಸಬೇಕು ಅಲ್ಲ, ತಿಳಿಸಬಹುದು. ಅದಕ್ಕಿಂತ ಮುಂದೆ ಒಬ್ಬರೂ ಬರಲಿಲ್ಲ. ನಾನು ಒಪ್ಪಿದೆ, ಈ ಸಲ ನಿಜವಾಗಿ. ನಿಮ್ಮ ಚೌಕಟ್ಟಿಗೆ ಇದು ಸಾಲದು ಎಂದು ನನಗೆ ಗೊತ್ತಿದೆ.

ಸ್ತೊಯ್ಮೆನ್‌ನನ್ನು ಅವನ ರಾಜಧಾನಿಗೆ ಕರೆಸಿಕೊಂಡಿದ್ದಾರೆ. ವಾಪಸು ಬರುತ್ತಾನೋ ಇಲ್ಲವೋ ತಿಳಿಯದು. ಹೋಗುವಾಗ ನಿಮ್ಮೂರಿನ ಮೀನಿನ ಕಡುಬು ಮಾಡುವ ಬಗೆಯನ್ನು ಬರೆಸಿಕೊಂಡ.

ನಿನ್ನ ತಮ್ಮ,
ವಿಸ್ತಿನ್


ಮಾರ್ಸಶ್ಲೊಕ್
೨೪ ನವೆಂಬರ್ ೧೯೮೮

ವಿಸ್ತಿನ್,

ಒಬ್ಬಳೇ ಓದಿದೆ. ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಊರೆಲ್ಲ ಹೊಗಳಿ ಕಡುಬು ತಿನ್ನಿಸಿದವಳು ನಾನು, ಈಗ ಮನೆಮನೆಗೆ ಹೋಗಿ "ಇನ್ನೂ ಸಿಕ್ಕಿರಲಿಲ್ಲವಂತೆ" ಎಂದು ಹೇಳಬೇಕಾದವಳೂ ನಾನೇ. ಮಾತು ಬರದಿದ್ದರೆ ಚ್ಚ್ ಅನ್ನಬೇಕು ಎಂದು ನಿನಗೆ ಕಲಿಸಿದವಳು ಅಮ್ಮ, ಬೈಸಿಕೊಳ್ಳುವವಳು ನಾನು.

ಸಂಘದಲ್ಲಿ ವಾಕ್ಯ ಓದಿದೆ. "ಬಯಸುವ ದೇಶಗಳು ತಿಳಿಸಬಹುದು" ಎಂಬಲ್ಲಿಗೆ ಬರುತ್ತಿದ್ದಂತೆ ನಗೆಯೋ ನಗೆ. ನಾರ್ದು, "ನಾನೂ ಬಯಸಿದ್ರೆ ಬಾರಿನ ಸಾಲ ತೀರಿಸಬಹುದು" ಅಂದ. ಚೌಕಟ್ಟಿನಲ್ಲಿ ಈಗ ಸಂತ ಪೀಟರನ ಚಿತ್ರ ಕೂರಿಸಿದ್ದಾರೆ. ನೀನು ಬೇಸರ ಮಾಡಿಕೊಳ್ಳಬೇಡ.

ಆಮೇಲೆ ಉಳಿದ ಕಥೆಯನ್ನೂ ಹೇಳಿದೆ. ನಿನ್ನ ಮೌನವನ್ನೂ ಬಚ್ಚಿಡಲಿಲ್ಲ, ಆ ಫಿನ್ಲೆಂಡಿನ ತಾಯಿ ನಿಂತದ್ದನ್ನೂ ಬಿಡಲಿಲ್ಲ. ನಗು ನಿಂತುಹೋಯಿತು. ದೋಣಿಯಲ್ಲಿ ತಪ್ಪು ಮಾಡಿದ ನಾಯಕ ಹುಡುಗರ ಮೇಲೆ ಹಾಕದೆ ತನ್ನದೇ ಎಂದು ಹೇಳುವುದನ್ನು ಇವರು ಬದುಕಿನಲ್ಲಿ ಒಂದೆರಡು ಸಲ ನೋಡಿದ್ದಾರೆ, ಅಷ್ಟೆ. ನಿನ್ನ ಭಾವ, "ಆಯಮ್ಮ ಕಡಲಿನವಳಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ನಿನ್ನ ಬಗ್ಗೆ ಸಂಘದಲ್ಲಿ ಯಾರೂ ಏನೂ ಹೇಳಲಿಲ್ಲ. ನಾನು ಹೇಳುತ್ತೇನೆ. ಚಪ್ಪಾಳೆ ತಟ್ಟಿಸಿಕೊಂಡ ಮೇಲೆ ವಾಪಸು ಹೋಗಿ ಬೇಡ ಎನ್ನುವುದಿದೆಯಲ್ಲ, ಅದು ನನ್ನ ಕೈಲಾಗುತ್ತಿರಲಿಲ್ಲ. ನಿನ್ನನ್ನು ಕಂಡರೆ ಈಗ ನನಗೆ ಮೊದಲಿಗಿಂತ ಹೆಚ್ಚು ಗೌರವ.

ಬಲ್ಗೇರಿಯಾದವನು ವಾಪಸು ಬಂದರೆ ಹೇಳು, ಕಡುಬಿಗೆ ಪುದೀನ ಹಾಕಬೇಕು. ನಿನಗೆ ಅದು ಯಾವತ್ತೂ ನೆನಪಿರುವುದಿಲ್ಲ.

ಸಾಲ್ವಿನಾ


ಮಾರ್ಸಶ್ಲೊಕ್
೧೭ ಸೆಪ್ಟೆಂಬರ್ ೧೯೮೯

ಪ್ರೀತಿಯ ವಿಸ್ತಿನ್,

ಈಸ್ಟರ್‌ಗೆ ಬಂದು ಹೋದವನು ಮತ್ತೆ ಸುದ್ದಿಯಿಲ್ಲ. ನಾನೂ ಬರೆಯಲಿಲ್ಲ, ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ಹೋದ ತಿಂಗಳ ಕೊನೆಗೆ ಬಂದರು ಅಧಿಕಾರಿ ಸಂಘಕ್ಕೆ ಒಂದು ಕಾಗದ ತಂದುಕೊಟ್ಟರು. ದೊಡ್ಡ ನೌಕಾಪಡೆಯೊಂದು ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕಡೆ ಕವಾಯತು ನಡೆಸುತ್ತದೆ ಎಂದು ಅದರಲ್ಲಿತ್ತು. ಯಾರದೆಂದು ಬರೆಯುವುದಿಲ್ಲ, ಕಾಗದ ಒಡೆದು ಓದುವವರಿರುತ್ತಾರೆ. ನಿನ್ನ ವಾಕ್ಯವನ್ನು ಹೆಸರಿಸಿ, ಅದರ ಪ್ರಕಾರ ತಿಳಿಸುತ್ತಿದ್ದೇವೆ ಎಂದು ಬರೆದಿದ್ದರು. ಯಾರೂ ನಂಬಲಿಲ್ಲ. ಆದರೆ ಹಡಗುಗಳು ಹೇಳಿದ ದಿನ ಬಂದವು, ಹೇಳಿದ ಕಡೆಯೇ ಸುತ್ತಿದವು, ಹೇಳಿದ ದಿನ ಹೋದವು. ಅದು ಗೊತ್ತಾದ ಮೇಲೆ ಎದುರು ಪಕ್ಷದವರು ಸುಮ್ಮನಿರುತ್ತಾರೆಯೇ? ಅವರ ಕಾಗದವೂ ಬಂತು. ಇವರದು ಇನ್ನೂ ನಯವಾಗಿತ್ತು. ಕವಾಯತಿನ ಜಾಗ ಹೇಳಿ, ಕೆಳಗೆ ಒಂದು ಮಾತು ಸೇರಿಸಿದ್ದರು: ನಿಮ್ಮ ತೆಪ್ಪಗಳು ಎಲ್ಲೆಲ್ಲಿವೆ ಎಂದು ಗುರುತು ಮಾಡಿ ಕಳಿಸಿದರೆ ನಮ್ಮ ಹಡಗುಗಳು ಸುತ್ತುಹಾಕಿ ಹೋಗುತ್ತವೆ.

ನಿನ್ನೆ ಸಂಘದಲ್ಲಿ ಇದೇ ಮಾತು. ಮೇಜಿನ ಮೇಲೆ ಕಡಲಿನ ನಕ್ಷೆ ಹರಡಿತ್ತು. ಗುರುತು ಹಾಕಲು ಪೆನ್ಸಿಲು ಹಿಡಿದು ನಾನು ನಿಂತಿದ್ದೆ. ಅಷ್ಟು ಗಂಡಸರಲ್ಲಿ ಒಬ್ಬನಾದರೂ ಮುಂದೆ ಬರಬೇಕಲ್ಲ? ಹಡಗಿನವರಿಗೆ ಹೇಳುವುದೆಂದರೆ ಪಕ್ಕದ ಕುರ್ಚಿಯವನಿಗೂ ಹೇಳಿದಂತೆ. ಅಜ್ಜನ ಕಾಲದಿಂದ ಬಚ್ಚಿಟ್ಟುಕೊಂಡು ಬಂದದ್ದು. "ಅವರ ಹಡಗು ಎಲ್ಲಿದೆ ಅಂತ ನಮಗೆ ಹೇಳೋದು ಸರಿ, ನಮ್ಮದು ಅವರಿಗ್ಯಾಕೆ?" ಎಂದ ನಾರ್ದು. ಇನ್ನೊಬ್ಬ, "ನಿನ್ನದು ಎಲ್ಲಿದೆ ಅಂತ ಮೊದಲು ನೀನು ತೋರಿಸು, ಆಮೇಲೆ ನಾನು" ಎಂದ. "ನೀನು ಮೊದಲು" ಎಂದು ಇವನು. ಹೀಗೇ ಒಂದು ಗಂಟೆ. ವಿಯೆನ್ನಾದಲ್ಲಿ ನಿಮಗೆ ವರ್ಷಗಟ್ಟಲೆ ಯಾಕೆ ಬೇಕಾಯಿತು ಎಂದು ನನಗೆ ಆಗ ಅರ್ಥವಾಯಿತು.

ಆಗ ಚೆನ್ಸು ಎದ್ದರು. ಮಾತಾಡಲಿಲ್ಲ. ಬಂದು ನಕ್ಷೆಯ ಮೇಲೆ ನಮ್ಮ ಬಂದರಿನ ಹತ್ತಿರ ಬೆರಳಿಟ್ಟರು. ಎಲ್ಲರೂ ಕುರ್ಚಿ ಎಳೆದುಕೊಂಡು ಬಗ್ಗಿದರು. ಬೆರಳು ದಡ ಬಿಟ್ಟು ಕಡಲಿಗೆ ಇಳಿಯಿತು. ನಾನು ಅಂದುಕೊಂಡಿದ್ದ ಜಾಗ ಬಂತು, ಅಲ್ಲಿ ಪೆನ್ಸಿಲು ತಾಗಿಸಿದೆ. ಬೆರಳು ನಿಲ್ಲಲಿಲ್ಲ, ಹೋಗುತ್ತಲೇ ಇತ್ತು. ದಡ ಕಣ್ಣಿಗೆ ಕಾಣುವ ಗೆರೆ ದಾಟಿತು, ದೊಡ್ಡ ಸರಕು ಹಡಗುಗಳ ದಾರಿ ದಾಟಿತು. ನಾರ್ದು ಕೂಡ ಬಾಯಿಗೆ ಕೈ ಇಟ್ಟುಕೊಂಡ. ನಕ್ಷೆಯ ಅಂಚಿಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು.

"ಇಲ್ಲಿ ಹಾಕು" ಅಂದರು.

"ಇಷ್ಟು ದೂರಾನಾ?" ಎಂದು ಕೇಳಿದೆ.

"ಮೀನು ಅಲ್ಲಿರುತ್ತೆ."

"ನಮ್ಮ ಈ ದೋಣೀಲಾ?"

"ಮತ್ತೆ ಇನ್ಯಾವ ದೋಣಿ ಇದೆ ನಮ್ಮ ಹತ್ರ?" ಅಂದರು.

ಮದುವೆಯಾಗಿ ಇಷ್ಟು ವರ್ಷ ಇವರು ತಡವಾಗಿ ಬಂದಾಗಲೆಲ್ಲ ಬಾರಿನಲ್ಲಿ ಕೂತಿರುತ್ತಾರೆ ಎಂದುಕೊಂಡು ಸಾರು ಆರಿತು ಎಂದು ಬೈದಿದ್ದೇನೆ. ಬೈಸಿಕೊಂಡು ತಣ್ಣನೆಯ ಸಾರು ಕುಡಿದು ಮಲಗುತ್ತಿದ್ದ ಮನುಷ್ಯ ಅಷ್ಟು ದೂರದ ಕಡಲಿನಿಂದ ಬರುತ್ತಿದ್ದರು. ನನಗೆ ಹೆದರಿಕೆಯಾಯಿತು. ಅಷ್ಟು ಜನರ ಎದುರು ಅಳಬಾರದೆಂದು ನಕ್ಷೆಯ ಮೇಲೆ ಬಗ್ಗಿದೆ. ಮೊದಲ ಗುರುತು ಸೊಟ್ಟಗೆ ಬಿತ್ತು. ಅಳಿಸಿ ಮತ್ತೆ ಸರಿಯಾಗಿ ಹಾಕಿದೆ. ಹಡಗಿನವರು ಅದನ್ನು ನೋಡಿಕೊಂಡು ದಾರಿ ಬಿಡಬೇಕಲ್ಲ.

ನಿನ್ನ ಅಕ್ಕ,
ಸಾಲ್ವಿನಾ